ಹಳೆಯ ಮಿಯಾಟಾದ ಟೈಮಿಂಗ್ ಜಾರುತ್ತಿದೆಯೇ? ಸೆನ್ಸರ್ ತಿರುಗಿಸಬೇಡಿ, ಕ್ರ್ಯಾಂಕಿನ ಮೂಗು ನೋಡಿ

1990 ಅಥವಾ 1991ರ ಮಾಜ್ಡಾ ಮಿಯಾಟಾ ಇಟ್ಟುಕೊಂಡವರು, ಕೊಳ್ಳಬೇಕು ಅಂತ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಮೆರಿಕದಲ್ಲಿರುವ ನಮ್ಮ ಕನ್ನಡಿಗರಲ್ಲಿ ವಾರಾಂತ್ಯದಲ್ಲಿ ಗರಾಜಿನಲ್ಲಿ ಕೂತು ತಾವೇ ಬಿಚ್ಚಿ ಜೋಡಿಸಲು ಹಳೆಯ ಸ್ಪೋರ್ಟ್ಸ್ ಕಾರು ಬೇಕು ಅನ್ನುವವರಿಗೆ ಇದು ಒಳ್ಳೆಯ ಆಯ್ಕೆಯೇ. ಎಂಜಿನ್ ಸರಳ, ಬಿಡಿಭಾಗಗಳು ಇವತ್ತಿಗೂ ಸಿಗುತ್ತವೆ. ಆದರೆ ಮೊದಮೊದಲು ಬಂದ 1.6 ಲೀಟರ್ ಎಂಜಿನ್ನಿನಲ್ಲಿ ಒಂದು ಜಾಗ ಬಹಳ ನಾಜೂಕು: ಎಂಜಿನ್ನಿನ ಮುಖ್ಯ ತಿರುಗು ದಂಡವಾದ ಕ್ರ್ಯಾಂಕ್‌ಶಾಫ್ಟಿನ ಮುಂದಿನ ತುದಿ, ಅಂದರೆ ಮೂಗು. ಅಲ್ಲಿ ಎಡವಟ್ಟಾದ ಮೇಲೆ ತಪ್ಪು ಜಾಗದಲ್ಲಿ ಹುಡುಕುತ್ತಾ ಹೋದರೆ ಕ್ರ್ಯಾಂಕೇ ಕೈಬಿಡುತ್ತದೆ.

ಒಂದು 1990ರ ಕಾರಿನಲ್ಲಿ ಆದದ್ದು ಇದು. ಟೈಮಿಂಗ್ ಬೆಲ್ಟ್ ಹೊಸದು, ಮುಂಭಾಗದ ಆಯಿಲ್ ಸೀಲೂ ಹೊಸದು. ಕೆಲವು ತಿಂಗಳಾದ ಮೇಲೆ ಪಿಕಪ್ ಕಮ್ಮಿಯಾಯಿತು, ಐಡ್ಲಿಂಗಿನಲ್ಲಿ ಎಂಜಿನ್ ನಡುಗತೊಡಗಿತು. ಮಾಲೀಕರು ಪ್ಲಗ್ ಬದಲಿಸಿದರು, ಪ್ಲಗ್ ವೈರ್ ಬದಲಿಸಿದರು. ಅದರಲ್ಲಿ ತಪ್ಪೇನಿಲ್ಲ, ಈ ಕಾರಿನಲ್ಲಿ ವೈರುಗಳು ಬೇಗ ಹಾಳಾಗುವುದು ಎಲ್ಲರಿಗೂ ಗೊತ್ತು. ಸರಿಹೋಗಲಿಲ್ಲ. ಕಾಯಿಲ್ ಬಂತು, ಫ್ಯುಯಲ್ ಫಿಲ್ಟರ್ ಬಂತು, ಆಕ್ಸಿಜನ್ ಸೆನ್ಸರ್ ಬಂತು. ಕಂಪ್ರೆಷನ್ ನೋಡಿದರೆ ನಾಲ್ಕೂ ಸಿಲಿಂಡರಿನಲ್ಲಿ ಒಂದೇ ಸಮ, ಸ್ವಲ್ಪ ಕಡಿಮೆ. ರಿಂಗ್ ಸವೆದಿರಬೇಕು ಅಂದುಕೊಂಡರು. ಆಮೇಲೆ ಕಿಡಿ ಯಾವ ಹೊತ್ತಿಗೆ ಹಾರುತ್ತಿದೆ ಅಂತ ತೋರಿಸುವ ಟೈಮಿಂಗ್ ಲೈಟ್ ಹಿಡಿದರು. 10 ಡಿಗ್ರಿ ಇರಬೇಕಾದದ್ದು 4ರ ಹತ್ತಿರ ತೋರಿಸಿತು. ಕಿಡಿಯ ಹೊತ್ತು ನಿರ್ಧರಿಸುವ ಕ್ಯಾಮ್ ಆ್ಯಂಗಲ್ ಸೆನ್ಸರ್ ತಿರುಗಿಸಿ 10ಕ್ಕೆ ತಂದರು, ಕಾರು ಚುರುಕಾಯಿತು. ಮೂರು ವಾರಕ್ಕೆ ಮತ್ತೆ ಜಾರಿತು, ಮತ್ತೆ ತಿರುಗಿಸಿದರು. ಹೀಗೆ ನಾಲ್ಕು ಸಲ. ಕೊನೆಗೆ ನಡುವಿನ ಬೋಲ್ಟ್ ಬಿಚ್ಚಿದಾಗ ಕೀ (ಗೇರನ್ನು ಅದರ ಕೋನದಲ್ಲಿ ಕೂರಿಸುವ ಚಿಕ್ಕ ಲೋಹದ ತುಂಡು) ಕೂರುವ ತೋಡು ಅಗಲವಾಗಿ ಬಾಯಿ ಬಿಟ್ಟಿತ್ತು, ಗೇರ್ ಕೂರುವ ಮೂಗೇ ಸವೆದು ಹೋಗಿತ್ತು. ಮೊದಲ ಸಲ ಜಾರಿದಾಗಲೇ ಬಿಚ್ಚಿದ್ದರೆ ಆ ಕ್ರ್ಯಾಂಕ್ ಉಳಿಯುತ್ತಿತ್ತು.

ಯಾಕೆ ಹೀಗಾಗುತ್ತದೆ ಅಂತ ತಿಳಿದರೆ ಉಳಿದದ್ದೆಲ್ಲ ಸುಲಭ. ಮೂಗಿನ ಮೇಲೆ ಟೈಮಿಂಗ್ ಬೆಲ್ಟಿನ ಗೇರ್ ಕೂತಿರುತ್ತದೆ, ಅದರ ಮುಂದೆ ಪುಲಿಯ ಬಾಸ್, ಅಂದರೆ ಪುಲಿಯನ್ನು ಹೊತ್ತ ನಡುಭಾಗ. ಎರಡನ್ನೂ 21 ಮಿ.ಮೀ. ತಲೆಯ ಒಂದೇ ಬೋಲ್ಟ್ ಒತ್ತಿ ಹಿಡಿದಿರುತ್ತದೆ. ನಡುವೆ ಒಂದು ಚಿಕ್ಕ ಕೀ. ಗೇರನ್ನು ತಿರುಗಿಸುವುದು ಕೀ ಅಂತ ಬಹಳ ಜನ ತಿಳಿದಿದ್ದಾರೆ, ಅದು ನಿಜವಲ್ಲ. ತಿರುಗಿಸುವುದು ಬೋಲ್ಟಿನ ಬಿಗಿಯಿಂದ ಹುಟ್ಟುವ ಹಿಡಿತ. ಗೇರ್ ಯಾವ ಕೋನದಲ್ಲಿ ಕೂರಬೇಕು ಅಂತ ತೋರಿಸುವುದಷ್ಟೇ ಕೀಯ ಕೆಲಸ. ಬೋಲ್ಟ್ ಸಾಕಷ್ಟು ಬಿಗಿಯಿಲ್ಲದಿದ್ದರೆ ಎಂಜಿನ್ನಿನ ಪ್ರತಿ ಹೊಡೆತವೂ ಆ ಕೀ ಮೇಲೆ ಬೀಳುತ್ತದೆ. ಕೀ ಅತ್ತಿತ್ತ ಬಡಿದು ತೋಡಿನ ಗೋಡೆಯನ್ನು ತಿನ್ನುತ್ತದೆ. ಗೇರ್ ಕ್ರ್ಯಾಂಕಿಗಿಂತ ಹಿಂದೆ ಬೀಳುತ್ತದೆ, ಅದರ ಜೊತೆ ವಾಲ್ವುಗಳನ್ನು ತೆರೆದು ಮುಚ್ಚುವ ಎರಡೂ ಕ್ಯಾಮ್‌ಗಳು ಹಿಂದೆ ಬೀಳುತ್ತವೆ. ಕ್ಯಾಮ್ ಆ್ಯಂಗಲ್ ಸೆನ್ಸರ್ ತಿರುಗುವುದು ಕ್ಯಾಮ್‌ನಿಂದಲೇ ಆದ್ದರಿಂದ ಇಗ್ನಿಷನ್ನೂ ಹಿಂದೆ ಬೀಳುತ್ತದೆ.

ಸೆನ್ಸರ್ ತಿರುಗಿಸಿದಾಗ ಕಿಡಿಯ ಹೊತ್ತು ಮಾತ್ರ ಸರಿಯಾಗುತ್ತದೆ. ವಾಲ್ವುಗಳು ತಡವಾಗಿ ತೆರೆಯುವುದು ಹಾಗೇ ಉಳಿಯುತ್ತದೆ, ಕೀ ಬಡಿಯುವುದೂ ನಿಲ್ಲುವುದಿಲ್ಲ. ನಾಲ್ಕೂ ಸಿಲಿಂಡರಿನಲ್ಲಿ ಕಂಪ್ರೆಷನ್ ಸಮವಾಗಿ ತಗ್ಗಲು ಕಾರಣವೂ ಇದೇ: ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಈ ಎಂಜಿನ್ನಿನಲ್ಲಿ ಸೆನ್ಸರಿನ 12 ಮಿ.ಮೀ. ಬೋಲ್ಟ್ ಗಟ್ಟಿಯಾಗಿದ್ದರೆ ಒಮ್ಮೆ ಇಟ್ಟ ಟೈಮಿಂಗ್ ತಾನಾಗಿ ಕದಲುವುದಿಲ್ಲ. ಕದಲಿದೆ ಅಂದರೆ ಮುಂದೆ ಏನೋ ಜಾರುತ್ತಿದೆ ಅಂತಲೇ ಅರ್ಥ.

ನಿಮ್ಮ ಎಂಜಿನ್ ಯಾವ ಬಗೆಯದು ಅಂತ ಮೊದಲು ನೋಡಿಕೊಳ್ಳಿ. ಟಾರ್ಚ್ ಹಿಡಿದು ಮುಂದಿನಿಂದ ಕ್ರ್ಯಾಂಕ್ ಪುಲಿಯ ನಡುಭಾಗ ನೋಡಿ, ಬೋಲ್ಟಿನ ಸುತ್ತ ಬಾಸ್‌ನಲ್ಲಿ ಕಚ್ಚುಗಳು ಕಾಣುತ್ತವೆ. ನಾಲ್ಕು ಕಚ್ಚಿದ್ದರೆ ಗಿಡ್ಡ ಮೂಗು, ಎಂಟಿದ್ದರೆ ಆಮೇಲೆ ಬಂದ ಉದ್ದ, ದಪ್ಪ ಮೂಗು. ಕಾರಿನ ವರ್ಷವನ್ನು ನಂಬಬೇಡಿ. 1991ರ ಮಾಡೆಲ್ ನಡುವೆ ಇದು ಬದಲಾದ್ದರಿಂದ ಆ ವರ್ಷದ ಕಾರುಗಳಲ್ಲಿ ಎರಡೂ ಬಗೆ ಇವೆ, ಕೆಲವು ಹಳೆಯ ಕಾರುಗಳಲ್ಲಿ ಎಂಜಿನ್ನೇ ಬದಲಾಗಿರಬಹುದು. ಗಿಡ್ಡ ಮೂಗು ಅಂದ ಮಾತ್ರಕ್ಕೆ ಕಾರು ಕೆಟ್ಟದ್ದಲ್ಲ. ಬೋಲ್ಟನ್ನು ಸರಿಯಾಗಿ ಬಿಗಿದ ಎಷ್ಟೋ ಕಾರುಗಳು ಇವತ್ತಿಗೂ ಚೆನ್ನಾಗಿ ಓಡುತ್ತಿವೆ.

ಪರೀಕ್ಷೆಗೆ ಅರ್ಧ ಗಂಟೆ ಸಾಕು. ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ, ಲೈಟು, ಎ.ಸಿ., ಬ್ಲೋಯರ್ ಎಲ್ಲ ಆಫ್ ಇರಲಿ. ಬಾನೆಟ್ ಕೆಳಗೆ ಎಡಗಡೆ ಡಯಾಗ್ನೊಸಿಸ್ ಅಂತ ಬರೆದ ಚಿಕ್ಕ ಪೆಟ್ಟಿಗೆಯ ಮುಚ್ಚಳ ತೆಗೆದು ಟಿ.ಇ.ಎನ್. (TEN) ಮತ್ತು ಜಿ.ಎನ್.ಡಿ. (GND) ಅಂತ ಬರೆದ ಎರಡು ತೂತುಗಳನ್ನು ತುಂಡು ವೈರಿನಿಂದ ಸೇರಿಸಿ. ಇದನ್ನು ಬಿಟ್ಟರೆ ಕಂಪ್ಯೂಟರ್ ತನ್ನ ಲೆಕ್ಕದಲ್ಲಿ ಟೈಮಿಂಗನ್ನು ಹಿಂದೆ ಮುಂದೆ ಮಾಡುತ್ತಲೇ ಇರುತ್ತದೆ, ನಿಮಗೆ ಕಾಣುವ ಅಂಕಿಗೆ ಅರ್ಥವಿರುವುದಿಲ್ಲ. ಐಡ್ಲಿಂಗ್ 850 ಆರ್‌ಪಿಎಂ ಆಸುಪಾಸು ಇರಬೇಕು, ಟೈಮಿಂಗ್ ಟಿಡಿಸಿಗಿಂತ (ಪಿಸ್ಟನ್ ತೀರಾ ಮೇಲೆ ಬರುವ ಹಂತ) 10 ಡಿಗ್ರಿ ಮುಂಚೆ. ಅಂಕಿಯ ಜೊತೆಗೆ ಪುಲಿಯ ಮೇಲಿನ ಟೈಮಿಂಗ್ ಗೀರು ಹೇಗೆ ನಿಲ್ಲುತ್ತದೆ ಅಂತಲೂ ಗಮನಿಸಿ. ಒಳ್ಳೆಯ ಎಂಜಿನ್ನಿನಲ್ಲಿ ಬೆಳಕಿಗೆ ಗೀರು ಅಂಟಿಕೊಂಡ ಹಾಗೆ ನಿಂತಿರುತ್ತದೆ. ಕೀ ಸಡಿಲವಾಗಿದ್ದರೆ ಎರಡು ಮೂರು ಡಿಗ್ರಿ ಹಿಂದೆ ಮುಂದೆ ಕುಣಿಯುತ್ತದೆ. ಆಮೇಲೆ ಲೈಟ್ ಬದಿಗಿಟ್ಟು ಪುಲಿಯ ಅಂಚನ್ನೇ ನೋಡಿ, ತಿರುಗುವಾಗ ಓಲಾಡುತ್ತಿದ್ದರೆ ಆ ಕ್ಷಣವೇ ಎಂಜಿನ್ ಆಫ್ ಮಾಡಿ.

ಇಲ್ಲಿ ಒಂದು ತೊಡಕಿದೆ. ಪುಲಿಯೂ ಅದೇ ಸಡಿಲ ಮೂಗಿನ ಮೇಲೆ ಕೂತಿರುವುದರಿಂದ ಪುಲಿಯ ಗೀರೇ ಸುಳ್ಳು ಹೇಳಬಹುದು. ಸುಳ್ಳು ಹೇಳದೇ ಇರುವುದು ಪಿಸ್ಟನ್ ಒಂದೇ. ನಾಲ್ಕೂ ಪ್ಲಗ್ ಬಿಚ್ಚಿ, ಒಂದನೇ ಸಿಲಿಂಡರಿಗೆ ಮರದ ಉದ್ದನೆಯ ಚಾಪ್‌ಸ್ಟಿಕ್ ಇಳಿಬಿಡಿ. ಲೋಹದ ಕಡ್ಡಿ ಬೇಡ, ಮುರಿದು ಒಳಗೆ ಬೀಳುವಂಥದ್ದೂ ಬೇಡ. 21ರ ಸಾಕೆಟ್ಟಿನಿಂದ ಕ್ರ್ಯಾಂಕನ್ನು ಗಡಿಯಾರದ ದಿಕ್ಕಿನಲ್ಲಿ ಮಾತ್ರ ನಿಧಾನ ತಿರುಗಿಸಿ. ಮೇಲಿನ ತುದಿಯ ಹತ್ತಿರ ಪಿಸ್ಟನ್ ಕದಲುವುದು ಬಹಳ ಕಡಿಮೆ, ಬರೀ ಕಣ್ಣಂದಾಜಿಗೆ ಟಿಡಿಸಿ ಸಿಗುವುದಿಲ್ಲ. ಅದಕ್ಕೆ ಕಡ್ಡಿ ಏರುವಾಗ ಪೆನ್ಸಿಲ್ಲಿನಿಂದ ಒಂದು ಎತ್ತರ ಗುರುತು ಮಾಡಿ, ಆ ಕ್ಷಣಕ್ಕೆ ಪುಲಿಯ ಮೇಲೂ ಒಂದು ಗುರುತು ಹಾಕಿ. ಮುಂದೆ ತಿರುಗಿಸುತ್ತಾ ಹೋಗಿ. ಕಡ್ಡಿ ಇಳಿದು ಅದೇ ಎತ್ತರಕ್ಕೆ ಬಂದಾಗ ಪುಲಿಯ ಮೇಲೆ ಇನ್ನೊಂದು. ಎರಡರ ನಟ್ಟನಡುವೆ ಇರುವುದೇ ನಿಜವಾದ ಟಿಡಿಸಿ. ಪುಲಿಯ ಮೂಲ ಗೀರು ಅಲ್ಲಿಗೆ ಹೊಂದದಿದ್ದರೆ ಬಾಸ್ ಜಾರಿದೆ. ಆಮೇಲೆ ವಾಲ್ವ್ ಕವರ್ ಮತ್ತು ಬೆಲ್ಟಿನ ಮೇಲಿನ ಕವರ್ ತೆಗೆದು, ಕ್ಯಾಮ್ ಪುಲಿಗಳ ಐ ಮತ್ತು ಇ ಗುರುತುಗಳು ಹಿಂದಿನ ತಗಡಿನ ಗುರುತುಗಳಿಗೆ ಎದುರಾಗುವ ಸುತ್ತಿನಲ್ಲಿ ನಿಜವಾದ ಟಿಡಿಸಿಗೆ ತನ್ನಿ. ಐ ಮತ್ತು ಇ ಗುರುತುಗಳ ನಡುವೆ ಬೆಲ್ಟಿನ 19 ಹಲ್ಲುಗಳಿರಬೇಕು. 19 ಸರಿಯಿದ್ದೂ ಎರಡೂ ಕ್ಯಾಮ್ ಒಂದೇ ಅಳತೆಗೆ, ಒಂದು ಹಲ್ಲಿಗಿಂತ ಕಡಿಮೆ ಹಿಂದೆ ಬಿದ್ದಿದ್ದರೆ ಕೀಯ ಮೇಲೇ ಅನುಮಾನ. ಸರಿಯಾಗಿ ಒಂದು ಹಲ್ಲಿನಷ್ಟು ಹಿಂದಿದ್ದರೆ ಬೆಲ್ಟ್ ಹಾಕುವಾಗಲೇ ತಪ್ಪಾಗಿರಬಹುದು.

ಬಿಚ್ಚುವಾಗ ಹಿಂದೆ ಡಿಕ್ಕಿಯಲ್ಲಿರುವ ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ರೇಡಿಯೇಟರ್ ಇಳಿಸಿದರೆ ಕೈಯಾಡಲು ಜಾಗ ಸಿಗುತ್ತದೆ, ಆ ಒಂದು ಗಂಟೆ ಉಳಿಸಲು ಹೋಗಬೇಡಿ. ಬಾರ್ ಸಿಕ್ಕಿಸಿ ಸ್ಟಾರ್ಟರ್ ಮಿಡಿದು ಬೋಲ್ಟ್ ಬಿಡಿಸುವ ಉಪಾಯವನ್ನು ಯಾರೇ ಹೇಳಿದರೂ ಕೇಳಬೇಡಿ. ಬಾರ್ ಜಾರಿದರೆ ಕೈ ಹೋಗುತ್ತದೆ. ಬಾಸ್ ಹಿಡಿಯುವ ಹೋಲ್ಡಿಂಗ್ ಟೂಲ್ ಬಳಸಿ.

ಬಾಸ್ ಹೊರಗೆ ಬಂದಾಗ ಮೂಗಿನ ಸುತ್ತ ಕುಂಕುಮದಂಥ ನುಣ್ಣನೆಯ ಪುಡಿ ಕಂಡರೆ ಲೋಹಕ್ಕೆ ಲೋಹ ಉಜ್ಜಿದೆ ಅಂತ ಅರ್ಥ. ಕೀಯ ಪಕ್ಕದಲ್ಲಿ ಉಗುರಾಡಿಸಿ. ಮೆಟ್ಟಿಲಿನ ಹಾಗೆ ತಡೆದರೆ ಅದು ಮುಗಿಯಿತು. ಈಗ ಮುಖ್ಯವಾದ ತೀರ್ಮಾನ. ಹೊಸ ಗೇರನ್ನು ಕೀ ಇಲ್ಲದೆ ಮೂಗಿಗೆ ತೂರಿಸಿ ಅಲ್ಲಾಡಿಸಿ. ಅದು ಅತ್ತಿತ್ತ ಓಲದೆ ಗಟ್ಟಿಯಾಗಿ ಕೂತು, ತೋಡಿನ ಗೋಡೆ ಮಾತ್ರ ಸವೆದಿದ್ದರೆ ಉಳಿಸಿಕೊಳ್ಳಬಹುದು. ಮೂಗೇ ಸವೆದು ಗೇರ್ ಓಲಾಡಿದರೆ ಯಾವ ಅಂಟೂ ನಿಲ್ಲುವುದಿಲ್ಲ: ಬೇರೆ ಕ್ರ್ಯಾಂಕ್ ಬೇಕು, ಇಲ್ಲವೇ ಉದ್ದ ಮೂಗಿನ ಬೇರೆ ಎಂಜಿನ್. ಎರಡಕ್ಕೂ ಎಂಜಿನ್ ಇಳಿಸಲೇಬೇಕು.

ಉಳಿಸುವ ದಾರಿ ಲೋಕ್‌ಟೈಟ್ 660. ಸಾಮಾನ್ಯ ಬೋಲ್ಟ್ ಅಂಟಲ್ಲ ಇದು. ಸವೆದ ಶಾಫ್ಟಿನಲ್ಲಿ ಅರ್ಧ ಮಿ.ಮೀ.ವರೆಗಿನ ಸಂದಿ ತುಂಬಲೆಂದೇ ಇರುವ ಪೇಸ್ಟ್. ಹೊಸ ಕೀ, ಹೊಸ ಗೇರ್, ಹೊಸ ಬಾಸ್, ಹೊಸ ಬೋಲ್ಟ್ ತನ್ನಿ. ಹಳೆಯದರಲ್ಲಿ ಒಂದನ್ನು ಉಳಿಸಿಕೊಂಡರೂ ಮಾಡಿದ ಕೆಲಸ ಹಾಳು. ಮೂಗು, ತೋಡು, ಗೇರಿನ ಒಳಮೈಯನ್ನು ಎಣ್ಣೆ ಚೂರೂ ಉಳಿಯದಂತೆ ಬ್ರೇಕ್ ಕ್ಲೀನರಿನಿಂದ ತೊಳೆದು ಒಣಗಿಸಿ. ತೋಡಿನಲ್ಲಿ ಸವೆಯದೆ ಉಳಿದ ಗೋಡೆಗೆ ಕೀಯನ್ನು ಒತ್ತಿ ಕೂರಿಸಿ, ಸವೆದ ಕಡೆಯ ಸಂದಿಗೆ ಪೇಸ್ಟ್ ತುಂಬಿ. ಆಯಿಲ್ ಸೀಲಿನ ಕಡೆಗೆ ಒಂದು ಚೂರೂ ಹೋಗಬಾರದು. ಗೇರ್, ಬಾಸ್ ತೂರಿಸುವಾಗ ಕೀ ಹಿಂದಕ್ಕೆ ಜಾರದಂತೆ ಬೆರಳಲ್ಲಿ ಮುಟ್ಟಿ ನೋಡುತ್ತಿರಿ. ಓರೆಯಾಗಿ ಕೂತ ಕೀ ಬೋಲ್ಟಿನ ಬಿಗಿಯನ್ನೆಲ್ಲ ತಾನೇ ನುಂಗುತ್ತದೆ. ಟಾರ್ಕ್ ವ್ರೆಂಚ್ ಟಕ್ ಅನ್ನುತ್ತದೆ, ಗೇರಿಗೆ ಮಾತ್ರ ಹಿಡಿತ ಇರುವುದಿಲ್ಲ. ಒಳ್ಳೆಯ ಕಾರುಗಳೂ ಬೆಲ್ಟ್ ಬದಲಿಸಿದ ಮೇಲೆ ಕೆಡುವುದಕ್ಕೆ ಇದೊಂದು ಕಾರಣ.

ಗಿಡ್ಡ ಮೂಗಿಗೆ 80ರಿಂದ 87 ಪೌಂಡ್-ಅಡಿ, ಅಂದರೆ 108ರಿಂದ 118 ನ್ಯೂಟನ್ ಮೀಟರ್. ಉದ್ದ ಮೂಗಿನ ಅಂಕಿ ಇದಕ್ಕಿಂತ ಬಹಳ ಹೆಚ್ಚು, ಅದನ್ನು ತಂದು ಇಲ್ಲಿ ಹಾಕಬೇಡಿ. ಇಂಪ್ಯಾಕ್ಟ್ ಗನ್ನಿನಿಂದ ಬಿಗಿಯಲೇಬೇಡಿ. ಅದು ಎಷ್ಟು ಬಿಗಿದಿದೆ ಅಂತ ಅದನ್ನು ಹಿಡಿದವರಿಗೂ ಗೊತ್ತಾಗುವುದಿಲ್ಲ. ಪೇಸ್ಟ್ ಹಸಿಯಿರುವಾಗಲೇ ಬಿಗಿದು, 24 ಗಂಟೆ ಕಾರು ಮುಟ್ಟಬೇಡಿ.

ಕೊಳ್ಳಲು ಹೊರಟವರು ಬೆಲ್ಟ್ ಬದಲಿಸಿದ ರಸೀದಿ ಕೇಳಿ. 60,000 ಮೈಲಿಗೊಮ್ಮೆ ಬದಲಿಸಬೇಕಾದ ಬೆಲ್ಟ್ ಅದು, ಪ್ರತಿ ಸಲವೂ ಸಾಮಾನ್ಯವಾಗಿ ಈ ಬೋಲ್ಟ್ ಬಿಚ್ಚಿರುತ್ತಾರೆ. ನಾಲ್ಕು ಕಚ್ಚಿನ ಕಾರಾದರೆ ಟೈಮಿಂಗ್ ಲೈಟ್ ಹಿಡಿಯಲು ಬಿಡದವರ ಹತ್ತಿರ ವ್ಯಾಪಾರವೇ ಬೇಡ.

ರಿಪೇರಿ ಮುಗಿದ ಮೇಲೆ ಬೋಲ್ಟಿನ ತಲೆಯಿಂದ ಬಾಸ್‌ಗೆ ಅಡ್ಡವಾಗಿ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ, ಸೆನ್ಸರಿಗೂ ಅದು ಕೂತ ಜಾಗಕ್ಕೂ ಸೇರಿಸಿ ಇನ್ನೊಂದು. 100 ಮೈಲಿಗೆ ಒಮ್ಮೆ, 500 ಮೈಲಿಗೆ ಇನ್ನೊಮ್ಮೆ ಟೈಮಿಂಗ್ ಲೈಟ್ ಹಿಡಿದು ಬರೆದಿಡಿ. ಸೆನ್ಸರಿನ ಗೆರೆ ಕದಲದೆ 10 ಇದ್ದದ್ದು 8 ಆಗಿದ್ದರೆ ಆವತ್ತೇ ಕಾರು ನಿಲ್ಲಿಸಿ ಬೋಲ್ಟ್ ಬಿಚ್ಚಿ.