ದಿಬ್ಬ ಇದ್ದರೆ ಸಾಲದು, ಕೋಡಿಯೂ ಬೇಕು: ಪುಣೆ ಬಳಿಯ ಒಂದು ಗಾಲ್ಫ್ ಮೈದಾನ

ಪುಣೆಯಿಂದ ಒಂದೂವರೆ ಗಂಟೆಯ ದಾರಿಯಲ್ಲಿರುವ ಹದಿನೆಂಟು ಹೋಲ್‌ಗಳ ಗಾಲ್ಫ್ ಮೈದಾನವೊಂದರಲ್ಲಿ ಈ ವರ್ಷ ಮೇ ತಿಂಗಳಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಎರಡು ಸಲ ಆಡಿದ್ದೇನೆ. ಇಲ್ಲಿನ ಕನ್ನಡಿಗ ಗೆಳೆಯರಲ್ಲಿ ಕೆಲವರು ಸದಸ್ಯತ್ವ ಪಡೆಯುವ ಯೋಚನೆಯಲ್ಲಿದ್ದು ಮೈದಾನ ಹೇಗಿದೆಯೆಂದು ಕೇಳುತ್ತಿರುವುದರಿಂದ ಈ ಬರಹ. ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಆಟಗಾರರ ಚೀಲ ಹೊರುವ ಕ್ಯಾಡಿಗಳ ಬಗ್ಗೆಯಾಗಲಿ, ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್‌ಗಳ ಬಗ್ಗೆಯಾಗಲಿ ದೂರಿಲ್ಲ, ಮಿಸಳ್ ಕೂಡ ಚೆನ್ನಾಗಿಯೇ ಇತ್ತು. ನನ್ನ ತಕರಾರಿರುವುದು ದಿಬ್ಬಗಳ ಬಗ್ಗೆ.

ಸಪಾಟು ನೆಲದಲ್ಲಿ ಗಾಲ್ಫ್ ಮೈದಾನ ಮಾಡುವವರಿಗೆ ದಿಬ್ಬಗಳು ಬೇಕೇ ಬೇಕು. ಪ್ರತಿ ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗವಾದ ಟೀ ಮೇಲೆ ನಿಂತವನಿಗೆ ಬರೀ ಸಪಾಟು ಹುಲ್ಲು ಕಂಡರೆ ದೂರದ ಅಂದಾಜು ಸಿಗುವುದಿಲ್ಲ; ನಡುವೆ ಒಂದು ಉಬ್ಬು, ಅದರ ನೆರಳು ಇದ್ದರೆ ಕಣ್ಣಿಗೆ ಅಳತೆ ಸಿಗುತ್ತದೆ. ಟೀಯಿಂದ ಗ್ರೀನ್‌ವರೆಗಿನ ಹುಲ್ಲುಹಾದಿಗಳಾದ ಫೇರ್‌ವೇಗಳಲ್ಲಿ ಅಕ್ಕಪಕ್ಕದ ಎರಡನ್ನು ಬೇರ್ಪಡಿಸಲು, ರಸ್ತೆಯನ್ನೋ ಕಾಂಪೌಂಡನ್ನೋ ಮರೆಮಾಡಲು, ಕೆರೆ ತೋಡಿದಾಗ ಬಂದ ಮಣ್ಣನ್ನು ಅಲ್ಲೇ ಬಳಸಿಕೊಳ್ಳಲು ಸಹ ಅವು ಬೇಕು. ಈ ಮೈದಾನದ ಮೂರನೆಯ ಹೋಲ್‌ನಲ್ಲಿ ಈ ಕೆಲಸ ಸೊಗಸಾಗಿ ಆಗಿದೆ. ಗ್ರೀನ್ ಹಿಂದೆ ಎದೆಯೆತ್ತರದ ಒಂದು ದಿಬ್ಬವಿದ್ದು, ಅದರ ಇಳಿಜಾರು ಸೀರೆಯ ಸೆರಗಿನಂತೆ ಬಹಳ ದೂರದವರೆಗೆ ಹರಡಿ ನೆಲದಲ್ಲಿ ಸೇರಿಹೋಗುತ್ತದೆ. ಎಲ್ಲಿ ಮೈದಾನ ಮುಗಿದು ಎಲ್ಲಿ ದಿಬ್ಬ ಶುರುವಾಯಿತೆಂದು ಹೇಳಲಾಗದು. ಬೆಳಿಗ್ಗೆ ಏಳಕ್ಕೆ ಓರೆ ಬಿಸಿಲು ಬಿದ್ದಾಗ ಆ ಗ್ರೀನ್ ನೋಡಲೆಂದೇ ಹೋಗಬಹುದು.

ಹನ್ನೊಂದನೆಯ ಹೋಲ್ ದಾಟಿದ ಮೇಲೆ ಮಾತ್ರ ಬೇರೆ ಯಾರೋ ಬಂದು ಮಣ್ಣು ಸುರಿದು ಹೋದಂತಿದೆ. ಫೇರ್‌ವೇಯ ಎರಡೂ ಬದಿಗೆ ಒಂದೇ ಎತ್ತರದ, ಒಂದೇ ಅಂತರದ ದಿಬ್ಬಗಳು, ಇಡ್ಲಿಗಳನ್ನು ಸಾಲಾಗಿ ಬೋರಲು ಹಾಕಿದಂತೆ. ಇಂಥವು ಹೊಸದೇನಲ್ಲ. ಸ್ಕಾಟ್ಲೆಂಡಿನ ಹಳೆಯ ಗಾಲ್ಫ್ ಮೈದಾನ ಸೇಂಟ್ ಆಂಡ್ರೂಸ್‌ನಲ್ಲಿ ಗಾಳಿ ಮತ್ತು ಮರಳು ಸೇರಿ ಮಾಡಿದ ಏರುತಗ್ಗುಗಳನ್ನು ಬೇರೆಡೆಯವರು ಮಣ್ಣಿನಲ್ಲಿ ಅನುಕರಿಸುತ್ತ ಬಂದರು. ಅಮೆರಿಕದ ಹಳೆಯ ಮೈದಾನಗಳಲ್ಲಿ ಹೊಲದಿಂದ ಆಯ್ದ ಕಲ್ಲುಗಳನ್ನು ಗುಡ್ಡೆ ಹಾಕಿ ಮೇಲೆ ಮಣ್ಣು ಮುಚ್ಚಿದ ಮೊನಚು ದಿಬ್ಬಗಳಿಗೆ ಚಾಕೊಲೇಟ್ ಡ್ರಾಪ್ಸ್ ಎಂದೇ ಹೆಸರು. 1980ರಲ್ಲಿ ಫ್ಲಾರಿಡಾದ ಜೌಗು ನೆಲದಲ್ಲಿ ವಿನ್ಯಾಸಕ ಪೀಟ್ ಡೈ ಕಟ್ಟಿದ ಟಿಪಿಸಿ ಸಾಗ್ರಾಸ್ ಎಂಬ ಮೈದಾನದಲ್ಲಿ ದೊಡ್ಡ ದಿಬ್ಬಗಳು ಎದ್ದದ್ದು ಸಾವಿರಾರು ಪ್ರೇಕ್ಷಕರು ಅವುಗಳ ಮೇಲೆ ಕುಳಿತು ಪಂದ್ಯ ನೋಡಲೆಂದು. ಆ ಕಾರಣವನ್ನು ಬಿಟ್ಟು ಆಕಾರವನ್ನಷ್ಟೇ ಆಮೇಲೆ ಎಷ್ಟೋ ಕಡೆ ಎತ್ತಿಕೊಂಡರು. ನಮ್ಮ ಈ ಮೈದಾನದ ದಿಬ್ಬಗಳ ಮೇಲೆ ನಾನು ಕಂಡ ಪ್ರೇಕ್ಷಕರೆಂದರೆ ಎರಡು ಟಿಟ್ಟಿಭ ಹಕ್ಕಿಗಳು.

ಅಂದದ ಮಾತು ಹಾಗಿರಲಿ. ಮೂರು ಅಡಿ ಅಡ್ಡಕ್ಕೆ ಒಂದು ಅಡಿ ಏರಿಗಿಂತ ಕಡಿದಾದ ದಿಬ್ಬದ ಮೇಲೆ ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರವನ್ನು ಹತ್ತಿಸುವುದು ಅಪಾಯ. ಇಲ್ಲಿ ಕೈಯಂತ್ರ ಹಿಡಿದು ಹತ್ತುತ್ತಾರೆ. ಹಾಕಿದ ನೀರು ಇಂಗುವ ಮೊದಲೇ ಜಾರಿಹೋಗುವುದರಿಂದ ಮೇ ತಿಂಗಳಲ್ಲಿ ನೆತ್ತಿಗಳೆಲ್ಲ ಬೋಳಾಗಿದ್ದವು. ಜುಲೈಯಲ್ಲಿ ಹನ್ನೆರಡನೆಯ ಹೋಲ್‌ನಲ್ಲಿ ನನ್ನ ಚೆಂಡು ಎಡಗಡೆಯ ದಿಬ್ಬದ ಬುಡಕ್ಕೆ ಹೋಗಿ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿತು. ನಿಯಮದ ಪ್ರಕಾರ ದಂಡವಿಲ್ಲದೆ ಎತ್ತಿ ಒಣ ಜಾಗದಲ್ಲಿ ಬಿಡಬಹುದು, ಆದರೆ ಹತ್ತಿರದ ಒಣ ಜಾಗವೆಂದರೆ ಆ ದಿಬ್ಬದ ಮೈಯೇ. ಮೊಣಕಾಲೆತ್ತರದಿಂದ ಎರಡು ಸಲ ಬಿಟ್ಟರೂ ಉರುಳಿ ನೀರಿಗೇ ಬಂತು. ಕೊನೆಗೆ ಕೈಯಿಂದ ಇಟ್ಟು, ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಮಾಡಿಕೊಂಡು ಹೊಡೆದೆ.

ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಮಾಲಿ ಇಂಡಿ ತಾಲೂಕಿನವನು. ನಾನು ಕನ್ನಡದಲ್ಲಿ ಗೊಣಗಿಕೊಂಡದ್ದು ಕೇಳಿ ನಕ್ಕು, "ಇದು ದಿಬ್ಬ ಅಲ್ರೀ ಸರ, ಒಡ್ಡು. ಇಳಕಲಕ್ಕ ಅಡ್ಡ ಹಾಕ್ಯಾರ, ನೀರ ಎಲ್ಲಿಗಿ ಹೋಗಬೇಕ್ರಿ? ನಮ್ಮ ಹೊಲದಾಗ ಒಡ್ಡ ಹಾಕಿದ್ರ ಕೋಡಿ ಬಿಡ್ತೀವ್ರಿ" ಎಂದ. ಮೈದಾನದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಇದು. ಇಲ್ಲಿನದು ಎರೆಮಣ್ಣು, ನೆನೆದರೆ ಉಬ್ಬಿ, ನೀರನ್ನು ಕೆಳಗೆ ಬಿಡುವುದೇ ಅಪರೂಪ. ಇಂಥ ನೆಲದಲ್ಲಿ ದಿಬ್ಬ ಹಾಕುವವರು ಮೊದಲು ನೀರಿನ ದಾರಿ ಗುರುತಿಸಿ, ದಿಬ್ಬಗಳ ನಡುವಿನ ತಗ್ಗಿನಲ್ಲಿ ಜಾಲರಿ ಹಾಕಿದ ಗುಂಡಿಯನ್ನೂ ಅಲ್ಲಿಂದ ಹೊರಗೆ ಪೈಪನ್ನೂ ಕೊಡಬೇಕಿತ್ತು.

ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ವಾರದ ದಿನಗಳಲ್ಲಿ ಹಣ ಕೊಟ್ಟು ಆಡಿ ಬರಲು ಅಡ್ಡಿಯಿಲ್ಲ, ಮೊದಲ ಒಂಬತ್ತು ಹೋಲ್‌ಗಳಿಗಂತೂ ಕೊಟ್ಟ ದುಡ್ಡು ದಂಡವಲ್ಲ. ವರ್ಷಪೂರ್ತಿಯ ಸದಸ್ಯತ್ವವನ್ನು ನಾನಂತೂ ತೆಗೆದುಕೊಳ್ಳುವುದಿಲ್ಲ. ಮೂರನೆಯ ಸಲ ಹೋದಾಗ ಹನ್ನೆರಡನೆಯ ಹೋಲ್‌ನ ಆ ತಗ್ಗಿನಿಂದ ಮಾಲಿ ಸಲಿಕೆಯಗಲದ ಒಂದು ಕಾಲುವೆ ಹೊಡೆದಿದ್ದ, ನೀರು ಸರಾಗವಾಗಿ ಹರಿದುಹೋಗುತ್ತಿತ್ತು. ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಅದನ್ನು ಮುಚ್ಚಲು ಮೇಲಿನವರು ಹೇಳಿದ್ದಾರಂತೆ.