ಪೈರೇಟ್ಸ್ ಆಡೋದಾ, ಮಲ್ಲಿಗನ್ ಆಡೋದಾ?

ಎರಡೂ 1879ರಲ್ಲಿ ನ್ಯೂಯಾರ್ಕಿನ ರಂಗಕ್ಕೆ ಬಂದ ಹಾಡು-ನಗೆಯ ನಾಟಕಗಳು. ನಿಮ್ಮ ತಂಡಕ್ಕೆ ಯಾವುದು ಎಂದು ಕೇಳಿದ್ದೀರಿ.

ಹಾಡು ಮೊದಲು. ಸಾಹಿತ್ಯ ಬರೆದ ಗಿಲ್ಬರ್ಟ್, ಸಂಗೀತ ಕೊಟ್ಟ ಸಲಿವನ್ ಜೋಡಿಯ 'ದಿ ಪೈರೇಟ್ಸ್ ಆಫ್ ಪೆನ್ಜಾನ್ಸ್'ಗೆ ಪಳಗಿದ ಕಂಠಗಳು, ದೊಡ್ಡ ಮೇಳ ಬೇಕು. ನಟ-ನಾಟಕಕಾರ ಎಡ್ವರ್ಡ್ ಹ್ಯಾರಿಗನ್ ಬರೆದ 'ದಿ ಮಲ್ಲಿಗನ್ ಗಾರ್ಡ್ ಬಾಲ್'ನಲ್ಲಿ ಡೇವಿಡ್ ಬ್ರಹಾಂ ಕೊಟ್ಟ ರಾಗಗಳು ಸುಲಭ, ಸುಮ್ನೆ ಗುನುಗಬಹುದು.

ನಗೆ ವಿಷಯಕ್ಕೆ ಬಂದರೆ ಆಟ ಬದಲಾಗುತ್ತದೆ. ಪೈರೇಟ್ಸ್‌ನ ಫ್ರೆಡರಿಕ್ ಹುಟ್ಟಿದ್ದು ಫೆಬ್ರವರಿ 29. ವಯಸ್ಸು 21, ಹುಟ್ಟುಹಬ್ಬ ಮಾತ್ರ ಐದು! ಕಡಲ್ಗಳ್ಳರ ಬಳಿ ಕೆಲಸ ಕಲಿಯುವ ಕರಾರು 21ನೇ ಹುಟ್ಟುಹಬ್ಬದವರೆಗೆ. ಇದಕ್ಕೆ ವಿವರಣೆಯೇ ಬೇಡ, ಅಲ್ವಾ? ಮಲ್ಲಿಗನ್‌ನಲ್ಲಿ ನೃತ್ಯಕೂಟಕ್ಕೆ ಒಂದೇ ಹಾಲ್ ಎರಡು ತಂಡಗಳಿಗೆ, ಐರಿಷರ ಮಲ್ಲಿಗನ್ ಗಾರ್ಡ್‌ಗೂ ಕಪ್ಪು ಜನರ ತಂಡಕ್ಕೂ, ಬುಕ್ ಆಗಿರುತ್ತದೆ. ಮಹಡಿಗೆ ಹೋದವರು ಕುಣಿದು ಕುಣಿದು ಚಾವಣಿ ಸಮೇತ ಕೆಳಗಿನವರ ತಲೆ ಮೇಲೆ ಬೀಳುತ್ತಾರೆ. ನನಗೆ ಇದೇ ಜಾಸ್ತಿ ಇಷ್ಟ. ಆದರೆ ಐರಿಷ್, ಜರ್ಮನ್ ವಲಸಿಗರ ಮಾತಿನ ಧಾಟಿ ಗೊತ್ತಿಲ್ಲದವರಿಗೆ ಅರ್ಧ ನಗೆ ತಪ್ಪುತ್ತದೆ. ಬಿಳಿ ನಟರು ಮುಖಕ್ಕೆ ಮಸಿ ಬಳಿದು ಕಪ್ಪು ಜನರನ್ನು ಅಣಕಿಸುತ್ತಿದ್ದ ಭಾಗವನ್ನಂತೂ ಇವತ್ತು ಹಾಗೇ ಆಡುವಂತಿಲ್ಲ.

ಹಾಡುಗಾರರಿದ್ದು ಸಮಯ ಕಡಿಮೆಯಿದ್ದರೆ ಪೈರೇಟ್ಸ್. ಅದರ ಸಂಗೀತದ ಪುಸ್ತಕ ಸುಲಭವಾಗಿ ಸಿಗುತ್ತದೆ. ತಿದ್ದಿ ಬರೆಯುವ ಕೈ, ಮಾತಿನ ಮಲ್ಲರು ಇದ್ದರೆ ಮಲ್ಲಿಗನ್.