ಮೂರು ಬೈಕು, ಒಂದೇ ದಾರಿ: ಸೂಪರ್ ಮೀಟಿಯಾರ್, ಹಿಮಾಲಯನ್ 450, ವರ್ಸಿಸ್ 650

ನನ್ನ ಹಳೆಯ ಬೈಕಿಗೆ ಒಂಬತ್ತು ವರ್ಷ ಆಯಿತು. ಕಳೆದ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ಅದರ ಕ್ಲಚ್ ವೈರ್ ತುಂಡಾಯಿತು. ಸಂಜೆ ಆರು ಗಂಟೆ, ಹತ್ತು ಅಡಿ ಮುಂದೆ ಏನೂ ಕಾಣದಷ್ಟು ಮಂಜು, ಹಿಂದೆ ಹೆಂಡತಿ. ಕೊಟ್ಟಿಗೆಹಾರದ ಕಡೆ ಹೊರಟಿದ್ದ ಒಂದು ಪಿಕಪ್ ಗಾಡಿಯವರು ಬೈಕನ್ನು ಎತ್ತಿ ಹಾಕಿಕೊಳ್ಳದಿದ್ದರೆ ಆ ರಾತ್ರಿ ಅಲ್ಲೇ ಕಳೆಯಬೇಕಿತ್ತು. ಇನ್ನೊಂದು ಗಾಡಿ ತಗೊಳ್ಳೋದು ಅಂತ ಅವತ್ತೇ ತೀರ್ಮಾನ ಆಯಿತು. ಇಬ್ಬರೂ ಬ್ಯಾಗು ಕಟ್ಟಿಕೊಂಡು ದಿನಕ್ಕೆ 400 ಕಿ.ಮೀ. ಹೋದರೂ, ಇಳಿದ ಮೇಲೆ ಊಟ ಮಾಡುವ ಮನಸ್ಸು ಉಳಿಯುವಂಥ ಗಾಡಿ ಬೇಕಿತ್ತು.

ಶೋರೂಮಿನ ಟೆಸ್ಟ್ ರೈಡ್ ಎರಡು ಕಿಲೋಮೀಟರಿನದ್ದು. ಅದರಲ್ಲಿ ಎಲ್ಲ ಬೈಕೂ ಚೆನ್ನಾಗಿಯೇ ಇರುತ್ತೆ. ಸೀಟಿನ ನಿಜ ಗೊತ್ತಾಗೋದು ಮೂರನೇ ಗಂಟೆಗೆ, ಶಾಕ್ ಅಬ್ಸಾರ್ಬರ್‌ನ ನಿಜ ಗೊತ್ತಾಗೋದು ಘಟ್ಟದ ರಸ್ತೆಯಲ್ಲಿ. ಅದೃಷ್ಟಕ್ಕೆ ನನ್ನ ಮನಸ್ಸಿನಲ್ಲಿದ್ದ ಮೂರೂ ಬೈಕು ಹತ್ತಿರದವರ ಬಳಿಯೇ ಇದ್ದವು. ಭಾವಮೈದನದು ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯಾರ್ 650. ಗೆಳೆಯನದು ಅದೇ ಕಂಪನಿಯ ಹಿಮಾಲಯನ್ 450. ಆಫೀಸಿನ ಜೊತೆಗಾರನದು ಕವಾಸಾಕಿ ವರ್ಸಿಸ್ 650. ಮೂವರನ್ನೂ ಡಿಸೆಂಬರಿನ ನಾಲ್ಕು ದಿನಕ್ಕೆ ಒಪ್ಪಿಸಿದೆ. ಮೂರು ಬೈಕಿಗೆ ನಾವು ನಾಲ್ವರು ಗಂಡಸರು, ಜೊತೆಗೆ ನನ್ನ ಹೆಂಡತಿ. ನಾನು ಯಾವ ಬೈಕಿಗೆ ಬದಲಾದರೂ ಅವಳು ನನ್ನ ಹಿಂದೆ. ಸವಾರಿ ಬಿಟ್ಟುಕೊಟ್ಟವರು ಆ ಹೊತ್ತು ಇನ್ನೊಬ್ಬರ ಹಿಂದೆ.

ದಾರಿ ಹೀಗೆ: ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆ ದಾಟಿ ಹುಬ್ಬಳ್ಳಿ. ಅಲ್ಲಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ. ಕರಾವಳಿಗುಂಟ ಹೊನ್ನಾವರ. ವಾಪಸು ಗೇರುಸೊಪ್ಪೆ ಘಟ್ಟ ಹತ್ತಿ ಜೋಗ, ಸಾಗರ, ಶಿವಮೊಗ್ಗ, ತುಮಕೂರು. ವಾಪಸು ದಾರಿ ನಮ್ಮ ಹಳೆಯ ಬಿ.ಎಚ್. ರಸ್ತೆ, ಬೆಂಗಳೂರು–ಹೊನ್ನಾವರ ರಸ್ತೆ. ಒಟ್ಟು ಸಾವಿರ ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಮೈಸೂರಿನ ಕಡೆ ಹೋಗಬಹುದಿತ್ತು. ಆದರೆ ಅಲ್ಲಿನ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳನ್ನು ಬಿಡುವುದಿಲ್ಲ. ಸರ್ವೀಸ್ ರಸ್ತೆಯಲ್ಲಿ ದೊಡ್ಡ ಬೈಕಿನ ಪರೀಕ್ಷೆ ಏನು ಮಾಡೋದು, ಅಲ್ವಾ?

ಮೊದಲು ಸೂಪರ್ ಮೀಟಿಯಾರ್ ಹತ್ತಿದೆ. ತೂಕ 241 ಕಿಲೋ. ಆದರೆ ಸೀಟಿನ ಎತ್ತರ 740 ಮಿ.ಮೀ. ಮಾತ್ರ. ಐದಡಿ ಆರಿಂಚಿನ ನನಗೆ ಎರಡೂ ಪಾದ ಪೂರ್ತಿ ನೆಲಕ್ಕೆ ಸಿಗುತ್ತೆ. ನಿಂತಾಗ ಕಾಣುವ ಭಾರ ಚಕ್ರ ಉರುಳಿದ ತಕ್ಷಣ ಎಲ್ಲೋ ಹೋಗಿಬಿಡುತ್ತೆ. 648 ಸಿಸಿ, ಎರಡು ಸಿಲಿಂಡರ್, 47 ಪಿಎಸ್ (ಹೆಚ್ಚುಕಡಿಮೆ ಹಾರ್ಸ್‌ಪವರ್) ಶಕ್ತಿ. ಸಂಖ್ಯೆಯಲ್ಲಿ ದೊಡ್ಡದಲ್ಲ. ಆದರೆ 52 ಎನ್‌ಎಂ ಟಾರ್ಕ್‌ನಲ್ಲಿ (ಎಳೆಯುವ ಬಲ) ಬಹುಪಾಲು ಕೆಳಗಿನ ಆರ್‌ಪಿಎಂನಲ್ಲೇ, ಅಂದರೆ ಇಂಜಿನ್ ನಿಧಾನಕ್ಕೆ ತಿರುಗುವಾಗಲೇ, ಕೈಗೆ ಸಿಗುವುದರಿಂದ ಆರನೇ ಗೇರಿನಲ್ಲಿ ಬಿಟ್ಟು ಸುಮ್ನೆ ಹೋಗ್ತಾ ಇರಬಹುದು. ಚಿತ್ರದುರ್ಗದ ಹತ್ತಿರ ಗಾಳಿಯಂತ್ರಗಳು ಕಾಣುತ್ತವಲ್ಲ, ಅಲ್ಲಿ ಅಡ್ಡಗಾಳಿ ಜೋರು. ಹಿಮಾಲಯನ್ ಮೇಲಿದ್ದ ಗೆಳೆಯ ಹ್ಯಾಂಡಲ್ ಬಿಗಿಹಿಡಿದು ವಾಲಿಕೊಂಡೇ ಹೋಗುತ್ತಿದ್ದ. ನನ್ನದು ಗೆರೆ ಎಳೆದಂತೆ ನೇರ. ಉದ್ದನೆಯ ಮೈ, ನೆಲಕ್ಕೆ ಹತ್ತಿರದ ತೂಕ, ಅಷ್ಟೇ ಗುಟ್ಟು.

ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು ಬೈಕು ಬದಲಾಯಿಸಿದೆವು. ಅಲ್ಲಿಂದ ಹುಬ್ಬಳ್ಳಿವರೆಗೆ ನನಗೆ ವರ್ಸಿಸ್. ಇದರ ಬಗ್ಗೆ ಒಂದೇ ಮಾತು ಹೇಳು ಅಂದರೆ ಗಾಜಿನ ಬಗ್ಗೆ ಹೇಳುತ್ತೇನೆ. ಮುಂದಿನ ವಿಂಡ್‌ಶೀಲ್ಡ್ ಅನ್ನು ನಾಲ್ಕು ಎತ್ತರಕ್ಕೆ ಹೊಂದಿಸಬಹುದು. ಮೇಲಕ್ಕೆ ಏರಿಸಿದ ತಕ್ಷಣ ಎದೆಗೆ ಬಡಿಯುವ ಗಾಳಿ ನಿಂತಿತು. ಹೆಲ್ಮೆಟ್ಟಿನೊಳಗಿನ ಗದ್ದಲ ಕಡಿಮೆಯಾಗಿ, ಹೆಂಡತಿಯ ಮಾತು ಮೊದಲ ಸಲ ಸರಿಯಾಗಿ ಕೇಳಿಸಿತು. ಹೆದ್ದಾರಿಯಲ್ಲಿ ಮನುಷ್ಯನನ್ನು ಸುಸ್ತು ಮಾಡೋದು ವೇಗಕ್ಕಿಂತ ಜಾಸ್ತಿ ಗಾಳಿಯೇ. ಇನ್ನು 66 ಪಿಎಸ್ ಶಕ್ತಿ. ಲಾರಿ ದಾಟಲು ಗೇರು ಇಳಿಸುವ ಕೆಲಸವೇ ಇಲ್ಲ, ಕೈ ತಿರುಗಿಸಿದರೆ ಸಾಕು. ಮುಂದಿನ ಚಕ್ರಕ್ಕೆ ಎರಡು ಡಿಸ್ಕ್, ಹಾಗಾಗಿ ನಿಲ್ಲುವುದೂ ಅಷ್ಟೇ ಸಲೀಸು. 21 ಲೀಟರಿನ ಟ್ಯಾಂಕು. ನಮಗೆ ಲೀಟರಿಗೆ 21ರ ಆಸುಪಾಸು ಬಂತು, ಅಂದರೆ 400 ಕಿ.ಮೀ. ಬಂಕಿನ ಯೋಚನೆ ಇಲ್ಲ. ಸೂಪರ್ ಮೀಟಿಯಾರ್ ಸುಮಾರು 25, ಹಿಮಾಲಯನ್ 29ರ ಹತ್ತಿರ ಕೊಟ್ಟವು.

ಹುಬ್ಬಳ್ಳಿ ತಲುಪಿದಾಗ ಯಾರಾದರೂ ಕೇಳಿದ್ದರೆ ವರ್ಸಿಸ್ಸೇ ಅಂದುಬಿಡುತ್ತಿದ್ದೆ. ಮರುದಿನ ಅರಬೈಲ್ ಘಟ್ಟ ಬಂತು.

ಒಂದು ತಿರುವಿನಲ್ಲಿ ಮುಂದೆ ಲಾರಿ ನಿಂತಿತು. ನಾನು ವರ್ಸಿಸ್ ಮೇಲೆಯೇ ಇದ್ದೆ. ರಸ್ತೆ ಎಡಕ್ಕೆ ಇಳಿಜಾರು. ಅಭ್ಯಾಸದಂತೆ ಎಡಗಾಲು ಕೆಳಗಿಟ್ಟೆ. ನೆಲ ಸಿಗಲಿಲ್ಲ. ಸೀಟಿನ ಎತ್ತರ 845 ಮಿ.ಮೀ., ತೂಕ 219 ಕಿಲೋ, ಮೇಲೆ ನಾವಿಬ್ಬರು ಮತ್ತು ಎರಡು ಬ್ಯಾಗು. ಬೆರಳ ತುದಿ ತಾಗುವ ಹೊತ್ತಿಗೆ ಬೈಕು ಆ ಕಡೆ ವಾಲಿಯಾಗಿತ್ತು. ತೊಡೆಯಲ್ಲಿ ಇದ್ದ ಬಲವನ್ನೆಲ್ಲ ಹಾಕಿ ತಡೆದೆ. ಹಿಂದಿದ್ದ ಭಾವಮೈದ ಓಡಿ ಬಂದು ಹ್ಯಾಂಡಲ್ ಹಿಡಿದ. ಬೀಳಲಿಲ್ಲ, ಆದರೆ ಎದೆ ಬಡಿತ ಇಳಿಯಲು ಐದು ನಿಮಿಷ ಹಿಡಿಯಿತು. ಆರಡಿ ಎತ್ತರದ ಜೊತೆಗಾರನಿಗೆ ಇದೇ ಬೈಕು ಆಟಿಕೆ ಇದ್ದಂತೆ. ಬೈಕು ಒಂದೇ, ಕಾಲುಗಳು ಬೇರೆ. ಕೊಳ್ಳುವ ಮೊದಲು ಇಳಿಜಾರಿನಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಒಮ್ಮೆ ನಿಂತು ನೋಡಿ. ದಯವಿಟ್ಟು ನೋಡಿ.

ಅಲ್ಲೇ ಹಿಮಾಲಯನ್‌ಗೆ ಬದಲಾದೆ. ಸೀಟು 825 ಮಿ.ಮೀ., ಅದೂ ಎತ್ತರವೇ. ಆದರೆ ಬೈಕು 196 ಕಿಲೋ, ತೊಡೆಯ ಹತ್ತಿರ ಸಪೂರ, ಹಾಗಾಗಿ ಕಾಲು ನೇರವಾಗಿ ಕೆಳಗಿಳಿಯುತ್ತೆ. ಟಾರು ಕಿತ್ತು ಜಲ್ಲಿ ಎದ್ದ ಕಡೆ ಇದರ ಗುಣ ಕಂಡಿತು. ಫುಟ್‌ರೆಸ್ಟ್ ಸರಿಯಾಗಿ ಸೊಂಟದ ಕೆಳಗಿದೆ. ಗುಂಡಿ ಬಂದಾಗ ಸ್ವಲ್ಪ ಎದ್ದು ನಿಂತೆ, ಮೊಣಕಾಲು ಮಡಿಸಿದೆ. ಕೆಳಗೆ ಬೈಕು ಕುಣಿಯುತ್ತಿತ್ತು, ಬೆನ್ನಿಗೆ ಏನೂ ಮುಟ್ಟಲಿಲ್ಲ. ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ 200 ಮಿ.ಮೀ. ಆಡುತ್ತೆ. ಮುಂದಿನ ಚಕ್ರ 21 ಇಂಚು, ಗುಂಡಿಯೊಳಗೆ ಇಳಿಯುವ ಬದಲು ಅದರ ಮೇಲೆ ಹಾದುಹೋಗುತ್ತೆ.

ಸೂಪರ್ ಮೀಟಿಯಾರ್‌ನಲ್ಲಿ ಹಿಂದಿನ ಶಾಕ್ ಆಡುವುದು 101 ಮಿ.ಮೀ. ಅಂದರೆ ಅರ್ಧ. ಕಾಲು ಮುಂದಕ್ಕೆ ಚಾಚಿ ಕೂರುವ ಗಾಡಿ ಆದ್ದರಿಂದ ಎದ್ದು ನಿಲ್ಲಲೂ ಆಗುವುದಿಲ್ಲ. ಹೆದ್ದಾರಿಯಲ್ಲಿ ಸುಖ ಕೊಟ್ಟ ಅದೇ ಕೂರುವ ಭಂಗಿ, ಗುಂಡಿ ಬಂದಾಗ ಏಟನ್ನು ನೇರ ಬೆನ್ನೆಲುಬಿಗೆ ಒಪ್ಪಿಸುತ್ತೆ. ನೆಲದಿಂದ ಇಂಜಿನ್ನಿಗೆ ಅಂತರ 135 ಮಿ.ಮೀ. ಇರುವುದರಿಂದ ಊರೊಳಗಿನ ಎತ್ತರದ ಹಂಪುಗಳಲ್ಲಿ ಭಾವಮೈದ ಓರೆಯಾಗಿ ದಾಟಿಸುತ್ತಿದ್ದ. ಹಿಮಾಲಯನ್‌ನಲ್ಲಿ ಈ ಅಂತರ 230.

ಅಂಕೋಲಾದಿಂದ ದಕ್ಷಿಣಕ್ಕೆ ಶಿರೂರು ಸಿಗುತ್ತೆ. 2024ರ ಜುಲೈ 16ರಂದು ಗುಡ್ಡ ಕುಸಿದ ಜಾಗ. ನಾವು ಮೂರೂ ಗಾಡಿ ನಿಧಾನ ಮಾಡಿದೆವು. ಯಾರೂ ಮಾತಾಡಲಿಲ್ಲ. ಎಡಕ್ಕೆ ಸೀಳಿದ ಗುಡ್ಡ, ಬಲಕ್ಕೆ ಗಂಗಾವಳಿ.

ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತುವಾಗಲೂ ಹಿಮಾಲಯನ್ ನನ್ನ ಕೈಯಲ್ಲೇ. ಇಲ್ಲಿ ಅದರ ಮಿತಿಯೂ ಕಂಡಿತು. 452 ಸಿಸಿ, ಒಂದೇ ಸಿಲಿಂಡರ್, 40 ಪಿಎಸ್. ಇಬ್ಬರು ಮತ್ತು ಸಾಮಾನು ಹೊತ್ತು ಏರುವಾಗ ಎರಡು, ಮೂರನೇ ಗೇರಿನ ನಡುವೆ ಕಾಲಿಗೆ ಕೆಲಸ ಇದ್ದೇ ಇರುತ್ತೆ. ಇಂಜಿನ್ನನ್ನು ಮೇಲಿನ ಆರ್‌ಪಿಎಂನಲ್ಲಿ ಇಟ್ಟರೆ ಹುರುಪಿನಿಂದ ಓಡುತ್ತೆ, ಕೆಳಗೆ ಬಿಟ್ಟರೆ ತಿಣುಕುತ್ತೆ. ಸೂಪರ್ ಮೀಟಿಯಾರ್ ಅದೇ ಏರನ್ನು ಒಂದು ಗೇರು ಮೇಲಿಟ್ಟುಕೊಂಡು ಹತ್ತುತ್ತಿತ್ತು. ಮಾವಿನಗುಂಡಿ ತಲುಪುವ ಹೊತ್ತಿಗೆ ನನಗೆ ಗೇರು ಬದಲಿಸುವುದೇ ಇಷ್ಟವಾಗಿತ್ತು, ಅದು ಬೇರೆ ವಿಷಯ.

ಈಗ ಹೆಂಡತಿಯ ಮಾತು. ಸಾವಿರ ಕಿಲೋಮೀಟರ್ ಹಿಂದಿನ ಸೀಟಿನಲ್ಲಿ ಕೂತವಳು ಅವಳು, ಅವಳ ಅಂಕ ನನ್ನದಕ್ಕಿಂತ ದೊಡ್ಡದು. ವರ್ಸಿಸ್‌ಗೆ ಮೊದಲ ಸ್ಥಾನ: ಅಗಲ ಸೀಟು, ಎರಡೂ ಕಡೆ ಹಿಡಿಯಲು ಗಟ್ಟಿ ಹಿಡಿ, ಮೊಣಕಾಲು ಜಾಸ್ತಿ ಮಡಚಬೇಕಿಲ್ಲ. ಸೂಪರ್ ಮೀಟಿಯಾರ್‌ನಲ್ಲಿ ಬೆನ್ನಿಗೆ ಒರಗು ಇತ್ತು, ಅದು ತುಂಬಾ ಹಿಡಿಸಿತು. ಆದರೆ ಗುಂಡಿಗಳಲ್ಲಿ ನನಗಿಂತ ಜಾಸ್ತಿ ಏಟು ಅವಳಿಗೇ ಬಿತ್ತು. ಹಿಮಾಲಯನ್‌ನಲ್ಲಿ ಏಟು ಇಲ್ಲ, ಒರಗೂ ಇಲ್ಲ. "ಇದರ ಹಿಂದೆ ಒಂದು ಬಾಕ್ಸ್ ಕಟ್ಟಿಸಿ, ಅದಕ್ಕೆ ಮೆತ್ತೆ ಹಾಕಿಸಿದರೆ ನಾನು ಎಲ್ಲಿಗೆ ಬೇಕಾದರೂ ಬರ್ತೀನಿ" ಅಂದಳು.

ನಂಬಿಕೆಯ ವಿಷಯ ಉಳಿಯಿತು. ನಾಲ್ಕು ದಿನದಲ್ಲಿ ಮೂರರಲ್ಲಿ ಒಂದೂ ಕೈಕೊಡಲಿಲ್ಲ. ಆದರೆ ನಾಲ್ಕು ದಿನದಲ್ಲಿ ಅದನ್ನು ಅಳೆಯಲು ಆಗುವುದಿಲ್ಲ. ಹಾಗಾಗಿ ಇಂಜಿನ್ನಿನ ವಯಸ್ಸು ನೋಡಿದೆ. ಸೂಪರ್ ಮೀಟಿಯಾರ್ ಬಂದದ್ದು 2023ರ ಜನವರಿಯಲ್ಲಾದರೂ ಅದರ ಇಂಜಿನ್ 2018ರಿಂದ ಅದೇ ಕಂಪನಿಯ ಇಂಟರ್‌ಸೆಪ್ಟರ್ ಬೈಕಿನಲ್ಲಿ ಓಡುತ್ತಿರುವಂಥದ್ದು. ರೇಡಿಯೇಟರ್ ಇಲ್ಲ, ನೀರಿನ ಪಂಪ್ ಇಲ್ಲ, ಸೋರುವ ಜಾಗವೇ ಕಡಿಮೆ. ವರ್ಸಿಸ್‌ನ ಇಂಜಿನ್ ಇನ್ನೂ ಹಳೆಯದು, ಪಳಗಿದ್ದು. ಹಿಮಾಲಯನ್‌ನದು 2023ರ ನವೆಂಬರಿನಲ್ಲಿ ಬಂದ ಹೊಸ ಇಂಜಿನ್. ಈ ಲೆಕ್ಕದಲ್ಲಿ ಅದಕ್ಕೆ ಮೂರನೇ ಸ್ಥಾನ, ಒಪ್ಪಿಕೊಳ್ಳಬೇಕು. ಆದರೆ ಎನ್‌ಫೀಲ್ಡ್ ಬಿಚ್ಚಿ ಜೋಡಿಸುವ ಕೈಗಳು ಮಲೆನಾಡಿನ ಸಣ್ಣ ಊರುಗಳಲ್ಲೂ ಸಿಗುತ್ತವೆ. ಕವಾಸಾಕಿಗೆ ದೊಡ್ಡ ಊರನ್ನೇ ಹುಡುಕಬೇಕು.

ಚಕ್ರದ ವಿಷಯ ಇನ್ನೂ ಮುಖ್ಯ. ಸೂಪರ್ ಮೀಟಿಯಾರ್, ವರ್ಸಿಸ್ ಎರಡಕ್ಕೂ ಟ್ಯೂಬ್‌ಲೆಸ್. ಮೊಳೆ ಚುಚ್ಚಿದರೆ ಗಾಳಿ ನಿಧಾನಕ್ಕೆ ಇಳಿಯುತ್ತೆ, ರಸ್ತೆ ಬದಿಯಲ್ಲೇ ಹತ್ತು ನಿಮಿಷದಲ್ಲಿ ತೂತಿಗೆ ರಬ್ಬರ್ ಬತ್ತಿ ತುರುಕಿ ಹೊರಡಬಹುದು. ಗೆಳೆಯನ ಹಿಮಾಲಯನ್ ಮೊದಲು ಬಂದವುಗಳಲ್ಲಿ ಒಂದು, ಅದಕ್ಕೆ ಟ್ಯೂಬ್ ಇದೆ. ಟ್ಯೂಬ್ ಪಂಚರ್ ಅಂದರೆ ಚಕ್ರ ಬಿಚ್ಚಬೇಕು. ಕಾಡಿನ ನಡುವೆ ಅದು ಎಂಥ ಕಷ್ಟ ಅಂತ ನನ್ನ ಹಳೆಯ ಬೈಕು ಎರಡು ಸಲ ಕಲಿಸಿದೆ. ಈಗ ಹಿಮಾಲಯನ್‌ಗೂ ಟ್ಯೂಬ್‌ಲೆಸ್ ಸ್ಪೋಕ್ ಚಕ್ರ ಸಿಗುತ್ತೆ. ಅದಿಲ್ಲದೆ ನಾನು ತಗೊಳ್ಳುವುದಿಲ್ಲ.

ಇನ್ನೊಂದು ಮಾತು. ಮೂರರಲ್ಲೂ ಕ್ಲಚ್ ಇರುವುದು ವೈರಿನದ್ದೇ. ಚಾರ್ಮಾಡಿಯ ಸಂಜೆ ಯಾವುದರಲ್ಲೂ ಬರಬಹುದು. ಲಿವರ್ ಹತ್ತಿರ, ವೈರಿನ ಗುಂಡು ಕೂರುವ ಜಾಗದಲ್ಲಿ ಎಳೆಗಳು ಬಿಡುತ್ತಿವೆಯಾ ಅಂತ ತಿಂಗಳಿಗೊಮ್ಮೆ ನೋಡಿ. ಹೊಸ ವೈರೊಂದನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೇಪ್ ಸುತ್ತಿಟ್ಟರೆ, ತುಂಡಾದ ದಿನ ಎರಡೂ ತುದಿ ಸಿಕ್ಕಿಸಿ ಹೊರಡುವುದಷ್ಟೇ ಕೆಲಸ.

ಬೆಲೆಯಲ್ಲಿ ವರ್ಸಿಸ್ ಸೂಪರ್ ಮೀಟಿಯಾರ್‌ನ ದುಪ್ಪಟ್ಟಿನ ಹತ್ತಿರ, ಹಿಮಾಲಯನ್‌ಗೆ ಹೋಲಿಸಿದರೆ ದುಪ್ಪಟ್ಟಿಗಿಂತಲೂ ಜಾಸ್ತಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ದಾಟಿದ ಬೈಕಿಗೆ 40% ಜಿಎಸ್‌ಟಿ ಬೇರೆ, ಮೂರಕ್ಕೂ ಅದು ತಪ್ಪಿದ್ದಲ್ಲ. ನನ್ನ ಓಡಾಟ ಬರೀ ಹೆದ್ದಾರಿಯಲ್ಲಿ ಇದ್ದಿದ್ದರೆ, ಕಾಲು ಇನ್ನೆರಡು ಇಂಚು ಉದ್ದ ಇದ್ದಿದ್ದರೆ, ಸಾಲ ಮಾಡಿಯಾದರೂ ವರ್ಸಿಸ್ ತರುತ್ತಿದ್ದೆ. ಆದರೆ ನಮ್ಮ ಹತ್ತು ಪ್ರಯಾಣದಲ್ಲಿ ಎಂಟು ಘಟ್ಟದ ಕಡೆಗೇ.

ಹಿಮಾಲಯನ್ ಬುಕ್ ಮಾಡಿದ್ದೇನೆ. ಟ್ಯೂಬ್‌ಲೆಸ್ ಚಕ್ರ, ಹಿಂದೆ ಬಾಕ್ಸು, ಬಾಕ್ಸಿಗೆ ಮೆತ್ತೆ. ಮೊದಲ ಸವಾರಿ ಚಾರ್ಮಾಡಿಗೆ. ಆ ಪಿಕಪ್ ಗಾಡಿಯವರ ಮನೆ ಕೊಟ್ಟಿಗೆಹಾರದ ಹತ್ತಿರವೇ ಇದೆ. ಅವರನ್ನು ಕಂಡು ಬರಬೇಕು.